ಐಬೆಕ್ಸ್: ಅಂಗಳ ದಾಟದೆ ಊರ ಗಡಿ ತೋರಿಸಿದ ಉಪಗ್ರಹ

ನಾಸಾದ ಐಬೆಕ್ಸ್ ಉಪಗ್ರಹ ಮಾಡಿದ ಆಕಾಶದ ನಕ್ಷೆಗಳನ್ನು ಕೆಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಯಾರು ಬೇಕಾದರೂ ನೋಡಬಹುದು, ಕಾಸು ಕೊಡಬೇಕಿಲ್ಲ. ಫೋನು ಮಿಕ್ಸಿಗಳಿಗೆಲ್ಲ ರಿವ್ಯೂ ಬರೆಯುತ್ತೇವೆ, ಎರಡು ವರ್ಷಕ್ಕೆಂದು ಕಳಿಸಿ ಹದಿನೈದು ವರ್ಷಕ್ಕೂ ಜಾಸ್ತಿ ದುಡಿದ ಈ ಯಂತ್ರಕ್ಕೂ ಒಂದು ಬರೆಯಬೇಕು ಅನ್ನಿಸಿತು.

ಗಾತ್ರ ಬಸ್ಸಿನ ಟೈರಿನಷ್ಟು, ಎಂಟು ಮೂಲೆ. 2008ರ ಅಕ್ಟೋಬರ್ 19ರಂದು ಪೆಸಿಫಿಕ್ ಸಾಗರದ ಕ್ವಾಜಲಿನ್‌ನಿಂದ ಹೊರಟಿದ್ದು. ಪೆಗಾಸಸ್ ರಾಕೆಟ್ಟನ್ನು ವಿಮಾನದ ಹೊಟ್ಟೆಗೆ ಕಟ್ಟಿ, ಸುಮಾರು 12 ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಡುತ್ತಾರೆ. ಐದು ಸೆಕೆಂಡ್ ಅದು ಸುಮ್ನೆ ಬೀಳುತ್ತದೆ. ಆಮೇಲೆ ಹೊತ್ತಿಕೊಳ್ಳುತ್ತದೆ.

ಕೆಲಸ ಏನು ಅಂದರೆ, ಸೂರ್ಯನಿಂದ ಸದಾ ಬೀಸುವ ಸೌರಗಾಳಿ ನಕ್ಷತ್ರಗಳ ನಡುವಿನ ಅನಿಲಕ್ಕೆ ತಾಗಿ ನಿಲ್ಲುವ ಜಾಗವನ್ನು ನೋಡುವುದು. ನಾಸಾದ ವಾಯೇಜರ್ 1 ನೌಕೆಗೆ ಆ ಗಡಿ ದಾಟಲು 35 ವರ್ಷ ಹಿಡಿಯಿತು. 2012ರಲ್ಲಿ ಅದು, 2018ರಲ್ಲಿ ವಾಯೇಜರ್ 2. ಆದರೆ ಅವು ನೋಡಿದ್ದು ಎರಡೇ ಎರಡು ಜಾಗ. ಐಬೆಕ್ಸ್ ಭೂಮಿಯನ್ನು ಸುತ್ತುತ್ತಲೇ ಇಡೀ ಗಡಿಯ ಚಿತ್ರ ಕೊಟ್ಟಿತು, ನನಗೆ ತುಂಬ ಇಷ್ಟವಾದದ್ದೂ ಇದೇ.

ಹೇಗೆ ಅಂತೀರಾ? ಗಡಿಯ ಹತ್ತಿರ ಸೌರಗಾಳಿಯ ಧನ ಚಾರ್ಜಿನ ಕಣ ಎದುರಿಗೆ ಸಿಕ್ಕ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಅದಕ್ಕೆ ಚಾರ್ಜ್ ಇರುವುದಿಲ್ಲ, ಯಾವ ಕಾಂತಕ್ಷೇತ್ರದ ಮಾತೂ ಕೇಳದೆ ನೇರ ದಾರಿ ಹಿಡಿಯುತ್ತದೆ, ಅಂಥ ಕೆಲವು ಕಣಗಳು ಕೋಟ್ಯಂತರ ಕಿ.ಮೀ. ವಾಪಸ್ ಬಂದು ಐಬೆಕ್ಸ್‌ನ ಬಾಯಿಗೇ ಬೀಳುತ್ತವೆ. ಒಳಗೆ ತೆಳ್ಳಗಿನ ಇಂಗಾಲದ ಹಾಳೆ ಇದೆ, ಅದನ್ನು ತೂರಿ ಬಂದ ಪರಮಾಣುಗಳನ್ನು ಒಂದೊಂದಾಗಿ ಎಣಿಸುತ್ತದೆ. ಬೆಳಕು ಹಿಡಿಯುವ ಲೆನ್ಸೇ ಇಲ್ಲದ ಕ್ಯಾಮೆರಾ ಇದು!

2009ರಲ್ಲಿ ಬಂದ ಮೊದಲ ನಕ್ಷೆ ನೋಡಿ. ಮೊಟ್ಟೆಯಾಕಾರದ ಚಿತ್ರ, ಅದರಲ್ಲಿ ಅಡ್ಡಡ್ಡ ಬಾಗಿದ ಒಂದು ಹೊಳೆಯುವ ಪಟ್ಟಿ, ಸುತ್ತಲಿನ ಆಕಾಶಕ್ಕಿಂತ ಎರಡು ಮೂರು ಪಟ್ಟು ಜಾಸ್ತಿ ಪ್ರಖರ. ಇದು ಇರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಪಟ್ಟಿ ಇರುವುದು ಎರಡು ವಾಯೇಜರ್‌ಗಳ ದಾರಿಯ ನಡುವೆ, ಹಾಗಾಗಿ ಅವುಗಳ ಕಣ್ಣಿಗೆ ಬೀಳುವಂತಿರಲಿಲ್ಲ. ಗಡಿಯ ಹೊರಗಿನ ಕಾಂತಕ್ಷೇತ್ರ ನಮ್ಮ ದೃಷ್ಟಿಗೆ ಅಡ್ಡವಾಗಿ ಹಾದುಹೋಗುವ ಕಡೆಯಲ್ಲೇ ಅದು ಕಾಣುತ್ತದೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

ಕೊರತೆಗಳೂ ಇವೆ. ಚಿತ್ರ ಮಸುಕು. ಅದರ ನೋಟ ಸುಮಾರು 7 ಡಿಗ್ರಿ ಅಗಲ, ಅಂದರೆ ಹದಿನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು, ಅದಕ್ಕಿಂತ ಸಣ್ಣ ವಿವರ ಕೇಳಬೇಡಿ. ಒಂದು ಪೂರ್ತಿ ನಕ್ಷೆಗೆ ಆರು ತಿಂಗಳು ಕಾಯಬೇಕು. 2014ರ ಕೊನೆಗೆ ಸೌರಗಾಳಿಯ ಒತ್ತಡ ಏರಿದ್ದು ನಕ್ಷೆಯಲ್ಲಿ ಕಂಡಿದ್ದು ಎರಡು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ. ಇದು ಯಂತ್ರದ ತಪ್ಪಲ್ಲ ಬಿಡಿ, ಗಡಿಗೆ ಹೋಗಿ ಬರುವ ದಾರಿಯೇ ಅಷ್ಟು ದೂರ.

ಬಾಳಿಕೆಗೆ ಪೂರ್ತಿ ಅಂಕ. ಚಂದ್ರ ಅದರ ಕಕ್ಷೆಯನ್ನು ಎಳೆದಾಡುತ್ತಿದ್ದ, 2011ರಲ್ಲಿ ಸುತ್ತನ್ನು ಸುಮಾರು 9 ದಿನಕ್ಕೆ, ಚಂದ್ರನ ಸುತ್ತಿನ ಮೂರನೇ ಒಂದು ಪಾಲಿಗೆ ಹೊಂದಿಸಿದರು, ಆಮೇಲೆ ಆ ಕಾಟ ಇಲ್ಲ. 2023ರ ಫೆಬ್ರವರಿಯಲ್ಲಿ ಕಂಪ್ಯೂಟರ್ ರೀಸೆಟ್ ಆಗಿ ಆಜ್ಞೆಗಳನ್ನೇ ತೆಗೆದುಕೊಳ್ಳಲಿಲ್ಲ. ಎರಡು ವಾರ ನಾನೂ ಸುದ್ದಿ ಹುಡುಕುತ್ತಾ ಇದ್ದೆ. ಮಾರ್ಚ್ 2ರಂದು ಹೊರಗಿನಿಂದ ರೀಸೆಟ್ ಮಾಡಿ ಎಬ್ಬಿಸಿದರು, ಆ ದಿನದ ಖುಷಿ ಇನ್ನೂ ನೆನಪಿದೆ.

2025ರ ಸೆಪ್ಟೆಂಬರ್ 24ರಂದು ಹಾರಿದ ನಾಸಾದ ಹೊಸ ನೌಕೆ ಐಮ್ಯಾಪ್ ಇದಕ್ಕಿಂತ ದೊಡ್ಡದು, ಹತ್ತು ಉಪಕರಣ ಇವೆ, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಕೆಲಸ. ಎರಡರ ಮುಖ್ಯ ವಿಜ್ಞಾನಿಯೂ ಡೇವಿಡ್ ಮೆಕಾಮಸ್ ಅವರೇ. ಹೊಸದರ ಚಿತ್ರಗಳಿಗೆ ಕಾಯುತ್ತಿದ್ದೇನೆ. ನೀವು ಈಗ ಶುರು ಮಾಡುವುದಾದರೆ ಐಬೆಕ್ಸ್‌ನ 2009ರ ನಕ್ಷೆಯನ್ನೇ ಮೊದಲು ತೆರೆಯಿರಿ, ಆ ಪಟ್ಟಿಯನ್ನು ಬೆರಳಲ್ಲಿ ಹಿಡಿದು ಒಂದು ಸುತ್ತು ಹೋಗಿ ಬನ್ನಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ, ಕಡಿಮೆಯಾದ ಅರ್ಧ ಮಸುಕಿಗೆ.