ಇನ್ವೊಲ್ಯೂಟ್ ಎಳೆಯಲು ಎಸ್‌ಸಿಆರ್ ಸ್ಕ್ರಿಪ್ಟೋ, ಆಟೋಲಿಸ್ಪೋ, ಪೈಥಾನೋ?

ಆಟೋಕ್ಯಾಡ್ ಡ್ರಾಯಿಂಗ್‌ನಲ್ಲಿ ಗೇರ್ ಹಲ್ಲಿನ ಇನ್ವೊಲ್ಯೂಟನ್ನು, ಅಂದರೆ ಹಲ್ಲಿನ ಪಕ್ಕದ ಬಾಗಿದ ರೇಖೆಯನ್ನು, ಸೂತ್ರದಿಂದಲೇ ಎಳೆಯಬೇಕಿದ್ದರೆ ನನ್ನ ಮತ ಆಟೋಕ್ಯಾಡ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ಆಟೋಲಿಸ್ಪ್‌ಗೆ. ಎಕ್ಸೆಲ್‌ನಲ್ಲಿ ತಯಾರಿಸಿದ ಎಸ್‌ಸಿಆರ್ ಸ್ಕ್ರಿಪ್ಟ್ (ಆಟೋಕ್ಯಾಡ್ ಕಮಾಂಡ್‌ಗಳನ್ನು ಸಾಲಾಗಿ ಬರೆದ ಕಡತ), ಡಿಎಕ್ಸ್‌ಎಫ್ ಡ್ರಾಯಿಂಗ್ ಕಡತ ಬರೆಯುವ ಪೈಥಾನ್‌ನ ಇಝಡ್‌ಡಿಎಕ್ಸ್‌ಎಫ್, ಲಿಬ್ರೆಕ್ಯಾಡ್ ಎಂಬ ಇನ್ನೊಂದು ಕ್ಯಾಡ್ ತಂತ್ರಾಂಶದ ಪ್ಲಾಟ್ ಪ್ಲಗಿನ್ ಮೂರರಲ್ಲೂ ಅದೇ ಹಲ್ಲನ್ನು ಎಳೆದು ನೋಡಿದ ಮೇಲೂ ಈ ಮತ ಬದಲಾಗಿಲ್ಲ.

ಲೆಕ್ಕ ಹೀಗಿದೆ: ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2, ಹಲ್ಲು 20, ಪ್ರೆಶರ್ ಆಂಗಲ್ 20 ಡಿಗ್ರಿ. ಇನ್ವೊಲ್ಯೂಟ್ ಶುರುವಾಗುವ ಬೇಸ್ ವೃತ್ತದ ತ್ರಿಜ್ಯ 18.794 ಮಿಮೀ, ಹೊರವೃತ್ತದ್ದು 22. ಎಕ್ಸ್ = ಬೇಸ್ ತ್ರಿಜ್ಯ × (ಕಾಸ್ ಟಿ + ಟಿ × ಸೈನ್ ಟಿ), ವೈ = ಬೇಸ್ ತ್ರಿಜ್ಯ × (ಸೈನ್ ಟಿ − ಟಿ × ಕಾಸ್ ಟಿ). ಟಿ ಸೊನ್ನೆಯಿಂದ 0.6085 ರೇಡಿಯನ್ ತಲುಪಿದಾಗ ರೇಖೆ ಹೊರವೃತ್ತ ಮುಟ್ಟುತ್ತದೆ. ಟಿಯನ್ನು 20 ಸಮಭಾಗ ಮಾಡಿ, ಬಿಂದುಗಳನ್ನು ನೇರ ಗೆರೆಗಳಿಂದ ಕೂಡಿಸುವ ಪಾಲಿಲೈನ್ ಎಳೆದರೆ ತಪ್ಪು ಹೆಚ್ಚೆಂದರೆ 0.0013 ಮಿಮೀ. ಅಷ್ಟು ಬಿಂದು ಸಾಕು.

ಎಸ್‌ಸಿಆರ್ ಸುಲಭ ಅನ್ನಿಸುತ್ತದೆ. ಮೊದಲ ಸಾಲಿನಲ್ಲಿ ಪಾಲಿಲೈನ್ ಎಳೆಯುವ ಪಿಲೈನ್ ಕಮಾಂಡ್, ಆಮೇಲೆ ಸಾಲಿಗೊಂದು ಬಿಂದು, ಕೊನೆಗೆ ಒಂದೇ ಒಂದು ಖಾಲಿ ಸಾಲು. ಸ್ಪೇಸ್ ಎಂದರೂ ಎಂಟರ್ ಎಂದೇ ಲೆಕ್ಕ, ಹಾಗಾಗಿ ಅಲ್ಪವಿರಾಮದ ಪಕ್ಕ ಸ್ಪೇಸ್ ಬಿದ್ದರೆ ಅಲ್ಲಿಗೇ ಕೆಟ್ಟಿತು. ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು, ತಿದ್ದಿಕೊಳ್ಳಬಹುದು.

ನಿಜವಾಗಿ ಕಾಡುವುದು ಆಬ್ಜೆಕ್ಟ್ ಸ್ನ್ಯಾಪ್, ಅಂದರೆ ಕೊಟ್ಟ ಬಿಂದುವನ್ನು ಹತ್ತಿರದ ತುದಿಗೋ ಛೇದಕ್ಕೋ ಎಳೆದುಕೊಳ್ಳುವ ಸೌಲಭ್ಯ. ಆಸ್‌ನ್ಯಾಪ್‌ಕೋಆರ್ಡ್ ಎಂಬ ಸೆಟ್ಟಿಂಗ್ ಮೊದಲಿನಿಂದಲೇ 2ರಲ್ಲಿರುತ್ತದೆ. ಕೀಲಿಮಣೆಯಲ್ಲಿ ಒತ್ತಿದ ನಿರ್ದೇಶಾಂಕವನ್ನು ಸ್ನ್ಯಾಪ್ ಮುಟ್ಟಬಾರದು, ಸ್ಕ್ರಿಪ್ಟ್‌ನಿಂದ ಬಂದದ್ದನ್ನು ಮಾತ್ರ ಎಳೆದುಕೊಳ್ಳಬಹುದು ಎಂದು ಅದರರ್ಥ. ಇನ್ವೊಲ್ಯೂಟ್ ಶುರುವಾಗುವುದೇ ಬೇಸ್ ವೃತ್ತವೂ ಅಡ್ಡ ಸೆಂಟರ್ ಲೈನೂ ಕೂಡುವ ಜಾಗದಲ್ಲಿ, ಸ್ನ್ಯಾಪ್‌ಗೆ ಅದಕ್ಕಿಂತ ಒಳ್ಳೆಯ ಗುರಿ ಸಿಗದು. ಮೊದಲ ಐದು ಬಿಂದುಗಳು ಅಲ್ಲಿಂದ 0.22 ಮಿಮೀ ಒಳಗೇ ಇವೆ. 44 ಮಿಮೀ ಗೇರ್ 900 ಪಿಕ್ಸೆಲ್ ಎತ್ತರ ತುಂಬಿದ್ದರೂ ಸ್ನ್ಯಾಪ್ ಹಿಡಿಯುವ 10 ಪಿಕ್ಸೆಲ್ ಎಂದರೆ ಸುಮಾರು ಅರ್ಧ ಮಿಮೀ. ಆರೇಳು ಬಿಂದು ಒಂದೇ ಮೂಲೆಗೆ ಹೋಗಿ ಕೂರುತ್ತವೆ, ಹಲ್ಲಿನ ಬುಡ ನೇರ ಗೆರೆಯಾಗುತ್ತದೆ.

ಇನ್ನೂ ಕೆಟ್ಟದ್ದೇನೆಂದರೆ ಫಲಿತಾಂಶ ಜೂಮ್ ಮೇಲೆ ನಿಂತಿದೆ. ಹತ್ತಿರಕ್ಕೆ ಜೂಮ್ ಮಾಡಿ ಓಡಿಸಿದರೆ ಅದೇ ಕಡತ ಸರಿಯಾಗಿ ಎಳೆಯುತ್ತದೆ, ಎ1 ಹಾಳೆ ಪೂರ್ತಿ ಕಾಣುವಂತಿದ್ದರೆ ರೇಖೆಯೇ ಮುದುಡಿಹೋಗುತ್ತದೆ. ಸೂತ್ರ ತಪ್ಪೇನೋ ಎಂದು ಎಕ್ಸೆಲ್ ಹಾಳೆಯನ್ನು ಎಷ್ಟು ಸಲ ತಡಕಿದರೂ ಏನೂ ಸಿಗುವುದಿಲ್ಲ. ಮದ್ದು: ಪಿಲೈನ್‌ಗೂ ಮೊದಲು, ಸ್ನ್ಯಾಪ್ ಆರಿಸುವ ಆಸ್‌ಮೋಡ್ 0 ಎಂಬ ಸಾಲು. ಆದರೆ ಹಳೆಯ ಸ್ನ್ಯಾಪ್ ಸಂಖ್ಯೆಯನ್ನು ನೆನಪಿಟ್ಟುಕೊಂಡು ವಾಪಸ್ ಹಾಕಲು ಎಸ್‌ಸಿಆರ್‌ಗೆ ಬರುವುದಿಲ್ಲ, ಅದನ್ನು ಕೈಯಾರೆ ಬರೆಯಬೇಕು.

ಲಿಸ್ಪ್‌ನಲ್ಲಿ ಎಂಟ್‌ಮೇಕ್ ಎಂಬ ಫಂಕ್ಷನ್ ಬಳಸಿದರೆ ಪಾಲಿಲೈನ್ ನೇರ ಡ್ರಾಯಿಂಗ್ ಒಳಗೆ ಹುಟ್ಟುತ್ತದೆ. ಸ್ನ್ಯಾಪ್‌ನ ಗೊಡವೆಯೂ ಇಲ್ಲ, ಜೂಮ್‌ನದ್ದೂ ಇಲ್ಲ. ಕಮಾಂಡ್ ಫಂಕ್ಷನ್ ಮೂಲಕ ಪಿಲೈನ್ ಕರೆದರೆ ಮಾತ್ರ ಮತ್ತೆ ಅದೇ ಗೋಳು. ಲಿಸ್ಪ್‌ನಲ್ಲೂ ಒಂದು ಬಲೆ ಇದೆ: ಡಿಗ್ರಿಯನ್ನು ರೇಡಿಯನ್ ಮಾಡಲು 20ನ್ನು 180ರಿಂದ ಭಾಗಿಸಿದರೆ ಉತ್ತರ 0, ಎರಡೂ ಪೂರ್ಣಾಂಕವಲ್ಲವೇ! ಆಗ ಬೇಸ್ ವೃತ್ತದ ತ್ರಿಜ್ಯ ಸದ್ದಿಲ್ಲದೆ 20 ಮಿಮೀ ಆಗುತ್ತದೆ, ಎರರ್ ಬರುವುದಿಲ್ಲ. 20.0 ಎಂದೇ ಬರೆಯಿರಿ.

ಇಝಡ್‌ಡಿಎಕ್ಸ್‌ಎಫ್‌ಗೆ ಕ್ಯಾಡ್ ಪರವಾನಗಿಯೇ ಬೇಡ, ಭಾಗಾಕಾರದ ಬಲೆಯೂ ಇಲ್ಲ. ಆದರೆ ಮಾಡ್ಯೂಲ್ ಬದಲಾದಾಗಲೆಲ್ಲ ಡಿಎಕ್ಸ್‌ಎಫ್ ಕಡತವನ್ನು ಮತ್ತೆ ತೆರೆದು ನೋಡಬೇಕು, ತೆರೆದಿರುವ ಡ್ರಾಯಿಂಗ್‌ನಲ್ಲೇ ಕೆಲಸ ಮಾಡುವವರಿಗೆ ಅದು ಬೇಸರ.

ಲಿಬ್ರೆಕ್ಯಾಡ್ ಉಚಿತ, ಅಪರೂಪಕ್ಕೊಂದು ವಕ್ರಕ್ಕೆ ಸಾಕು.

ಆಟೋಕ್ಯಾಡ್‌ನ ಕಡಿಮೆ ಸೌಲಭ್ಯದ ಆವೃತ್ತಿಯಾದ ಎಲ್‌ಟಿ ನಿಮ್ಮಲ್ಲಿದ್ದು, ಅದು 2024ಕ್ಕಿಂತ ಹಳೆಯದಿದ್ದರೆ ಲಿಸ್ಪ್ ಓಡುವುದೇ ಇಲ್ಲ, ಅದರೊಳಗೇ ಎಳೆಯಲು ಇವುಗಳಲ್ಲಿ ಎಸ್‌ಸಿಆರ್ ಒಂದೇ ದಾರಿ. ಅದಕ್ಕಾಗಿಯೇ ಹೊಸ ಪರವಾನಗಿ ಕೊಳ್ಳಬೇಕಿಲ್ಲ, ಆಸ್‌ಮೋಡ್ ಸಾಲೊಂದನ್ನು ಮರೆಯದಿದ್ದರಾಯಿತು. ದಿನವೂ ಬೇರೆ ಬೇರೆ ಮಾಡ್ಯೂಲ್ ಎಳೆಯುವವರಾದರೆ ಎಂಟ್‌ಮೇಕ್ ಬಿಟ್ಟು ಬೇರೆಯದನ್ನು ನಾನು ಹೇಳಲಾರೆ.