ತಾಮ್ರವೋ ಫೈಬರೋ: ಮನೆ ಫೋನಿಗೆ ಯಾವುದು ವಾಸಿ?

ವಯಸ್ಸಾದವರಿರುವ ಮನೆಯಲ್ಲಿ ಫೋನ್ ಕೈಕೊಡಬಾರದು. ಸ್ಪೀಡ್ ಎಷ್ಟು, ತಿಂಗಳಿಗೆ ದುಡ್ಡೆಷ್ಟು ಅನ್ನೋದೆಲ್ಲ ಆಮೇಲಿನ ಮಾತು. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಹಳೇ ತಾಮ್ರದ ಲೈನ್, ಆಮೇಲೆ ಬರೀ ಮೊಬೈಲ್, ಈಗ ಫೈಬರ್ ಮೂರನ್ನೂ ಬಳಸಿದ್ದೇವೆ.

ತಾಮ್ರದ ಲೈನಿನ ಬೆಲೆ ತಿಳಿಯುತ್ತಿದ್ದುದು ಕರೆಂಟ್ ಹೋದಾಗ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮಾತಿನ ಜೊತೆಗೆ 48 ವೋಲ್ಟ್ ಡಿಸಿ ಕರೆಂಟೂ ಅದೇ ತಂತಿಯಲ್ಲಿ ಬರುತ್ತದೆ. ಅಲ್ಲಿ ದೊಡ್ಡ ಬ್ಯಾಟರಿಗಳು, ಜನರೇಟರ್ ಇರುತ್ತವೆ. ಹಾಗಾಗಿ ಇಡೀ ಬೀದಿ ಕತ್ತಲಾದರೂ ಅಮ್ಮ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಇದು ವೈರ್ ಇರುವ ಸೆಟ್ಟಿನ ಮಾತು. ಕಾರ್ಡ್‌ಲೆಸ್ ಸೆಟ್ಟಿಗೆ ಆಗಲೂ ಮನೆ ಕರೆಂಟೇ ಬೇಕಿತ್ತು.

ಮಳೆಗಾಲ ಮಾತ್ರ ಕಷ್ಟ. ಜಾಯಿಂಟಿಗೆ ನೀರಿಳಿದರೆ ಸಾಕು, ಬರೀ ಗರಗರ ಸದ್ದು. ಅದರಲ್ಲೇ ಬರುವ ಇಂಟರ್‌ನೆಟ್ ಎಕ್ಸ್‌ಚೇಂಜ್ ದೂರವಾದಷ್ಟೂ ನಿಧಾನ. ರಸ್ತೆ ಅಗೆಯುವವರು ದಪ್ಪ ಕೇಬಲ್ ಕಡಿದರಂತೂ ಲೈನ್‌ಮ್ಯಾನ್ ಒಂದೊಂದೇ ಜೋಡಿ ತಂತಿ ಹುಡುಕಿ ಸೇರಿಸಬೇಕು. ಪಾಪ, ಅದು ಒಂದು ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ.

ಮೊಬೈಲ್ ಒಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ದಪ್ಪ ಗೋಡೆಯ ಹಳೇ ಮನೆ, ಒಳಕೋಣೆಯಲ್ಲಿ ಸಿಗ್ನಲ್ ಇಲ್ಲ. ಜಾಸ್ತಿ ಹೊತ್ತು ಕರೆಂಟ್ ಹೋದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ.

ಫೈಬರ್ ಬಂದ ಮೇಲೆ ಮಾತು ಸ್ಪಷ್ಟವಾಯಿತು. ಒಳಗಿರುವುದು ಗಾಜಿನ ಎಳೆ, ಹೋಗುವುದು ಬೆಳಕು. ಹಾಗಾಗಿ ನೀರು ಬಿದ್ದರೆ ಆ ಗರಗರ ಇಲ್ಲ. ಹಳೇ ಫೋನನ್ನೇ, ಮನೆಯೊಳಗೆ ಫೈಬರ್ ಬಂದು ಸೇರುವ ಡಬ್ಬಿಯ ಹಿಂದಿನ ಫೋನ್ ಪೋರ್ಟಿಗೆ ಸಿಕ್ಕಿಸಿದ್ದೇವೆ. ಆದರೆ ಗಾಜಿನ ಎಳೆ ಕರೆಂಟ್ ತರುವುದಿಲ್ಲ. ಮನೆ ಕರೆಂಟ್ ಹೋದರೆ ಡಬ್ಬಿ ಆರುತ್ತದೆ, ಅದರ ಜೊತೆ ಫೋನೂ ಸತ್ತಂತೆ. ಕನೆಕ್ಷನ್ ಕೊಡಲು ಬಂದವರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಲೇಬೇಕಾದ ಮಾತಲ್ವಾ ಇದು?

ಇದಕ್ಕೆ ವೈಫೈ ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್, ಅಂದರೆ ಕರೆಂಟ್ ಹೋದ ಕೂಡಲೇ ಕೆಲಸ ವಹಿಸಿಕೊಳ್ಳುವ ಬ್ಯಾಟರಿ, ಸಾಕು. ನಮ್ಮ ಡಬ್ಬಿಗೆ ಬೇಕಾದದ್ದು 12 ವೋಲ್ಟ್. ನಿಮ್ಮದರ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿ ಕೊಳ್ಳಿ. ಡಬ್ಬಿ, ರೂಟರ್ ಬೇರೆ ಬೇರೆ ಇದ್ದರೆ ಡಬ್ಬಿಗೆ ಯುಪಿಎಸ್ ಕೊಡಲೇಬೇಕು, ಫೋನ್ ರೂಟರಿಗೆ ಸಿಕ್ಕಿಸಿದ್ದರೆ ಅದಕ್ಕೂ ಕೊಡಿ. ಇನ್ವರ್ಟರ್ ಇರುವವರು ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಡಬ್ಬಿ ಆಫ್ ಆಗಿ ಮತ್ತೆ ಶುರುವಾಗಬಹುದು, ಅಷ್ಟು ಹೊತ್ತು ಫೋನಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ತಾಪತ್ರಯ, ಕಂಬದಿಂದ ಮರಕ್ಕೆ, ಮರದಿಂದ ಕಂಬಕ್ಕೆ ನೇತುಹಾಕಿದ ಕೇಬಲ್. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿತ್ತೆಂದರೆ ಕೇಬಲ್ ತುಂಡು, ಡಬ್ಬಿಯಲ್ಲಿ ಕೆಂಪು ದೀಪ. ಒಂದು ಎಳೆಯನ್ನೇ 32 ಅಥವಾ 64 ಮನೆಗಳಿಗೆ ಹಂಚುವುದು ವಾಡಿಕೆ. ಮುಖ್ಯ ಎಳೆ ಕಡಿದರೆ ಅಷ್ಟೂ ಮನೆಯ ಫೋನ್ ಒಟ್ಟಿಗೆ ಹೋಗುತ್ತದೆ. ಅದಕ್ಕೇ ಕನೆಕ್ಷನ್ ಕೊಳ್ಳುವ ಮುಂಚೆ ಕೇಬಲ್ ನೆಲದಡಿಯಲ್ಲಿ ಬರುತ್ತದಾ, ಮೇಲೆ ಬರುತ್ತದಾ ಅಂತ ಕೇಳಿ. ನೆಲದಡಿಯದು ಸಿಕ್ಕರೆ ನೂರಿನ್ನೂರು ಜಾಸ್ತಿ ಆದರೂ ಅದನ್ನೇ ಹಾಕಿಸಿ.

ನನ್ನ ಆಯ್ಕೆ ಫೈಬರ್, ಜೊತೆಗೆ ಯುಪಿಎಸ್, ಮತ್ತೆ ಬೇರೆ ಕಂಪನಿಯ ಸಿಮ್ ಇರುವ ಒಂದು ಮೊಬೈಲ್. ಎಲ್ಲ ಜೋಡಿಸಿದ ಮೇಲೆ ಮನೆಯ ಮೇನ್ ಸ್ವಿಚ್ ಆರಿಸಿ, ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿ. ರಿಂಗ್ ಆಗದಿದ್ದರೆ ಹಾಕಿದವರನ್ನು ಅವತ್ತೇ ವಾಪಸ್ ಕರೆಸಿ.