ಅರ್ಕಾ ರಕ್ಷಕ್ ಟೊಮೆಟೊ: ತಾರಸಿಯಲ್ಲಿ ಕೆಲವು ವರ್ಷ ಬೆಳೆದ ಮೇಲೆ

ಬೆಂಗಳೂರಲ್ಲಿ ತಾರಸಿ ಮೇಲೆ ಟೊಮೆಟೊ ಹಾಕುವವರಿಗೆ ನಾನು ಮೊದಲು ಹೇಳುವ ಹೆಸರು ಅರ್ಕಾ ರಕ್ಷಕ್. ಇದು ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎರಡು ತಳಿ ಕೂಡಿಸಿ ಮಾಡಿದ ಮೊದಲ ಪೀಳಿಗೆಯ ಎಫ್‌1 ಹೈಬ್ರಿಡ್. ಎಲೆ ಮುಟುರು, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ, ಮುಂಚೆ ಬರುವ ಅಂಗಮಾರಿ (ಎಲೆ ಮೇಲೆ ಕಂದು ಚುಕ್ಕೆ ಬಿದ್ದು ಒಣಗುವ ರೋಗ), ಈ ಮೂರನ್ನೂ ತಡೆದುಕೊಳ್ಳುತ್ತದೆ.

ಕುಂಡದಲ್ಲಿ ಇದರ ಬೆಲೆ ಗೊತ್ತಾಗುವುದು ಬೇಸಿಗೆಯಲ್ಲಿ. ಮಾರ್ಚ್ ಬಂತು ಅಂದರೆ ಬಿಳಿ ನೊಣ ಶುರು, ಎಲೆ ಮುಟುರು ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದೇ ಅದು. ನಾಟಿ ತಳಿಯ ಗಿಡದ ಚಿಗುರು ದೋಣಿ ಥರ ಮೇಲಕ್ಕೆ ಮಡಚಿಕೊಂಡು, ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ಗಿಡ ಅಲ್ಲೇ ಕುಗ್ಗಿ ನಿಂತುಬಿಡುತ್ತದೆ. ಪಕ್ಕದ ಕುಂಡದ ರಕ್ಷಕ್ ಮೇಲೂ ಅದೇ ನೊಣ ಕೂತಿರುತ್ತದೆ, ಆದರೂ ಗೊಂಚಲು ಬಿಡುತ್ತಲೇ ಇರುತ್ತದೆ. ಔಷಧಿ ಹೊಡೆಯಲು ಇಷ್ಟವಿಲ್ಲದವರಿಗೆ ಇದಕ್ಕಿಂತ ಇನ್ನೇನು ಬೇಕು?

ಹಣ್ಣು 90-100 ಗ್ರಾಂ ತೂಗುತ್ತದೆ. ಗಟ್ಟಿ, ಕಡು ಕೆಂಪು. ಫ್ರಿಜ್ಜಿಗೆ ಹಾಕದೆ ಬುಟ್ಟಿಯಲ್ಲೇ ಇಟ್ಟರೂ ಎರಡು ವಾರ ಕೆಡುವುದಿಲ್ಲ.

ರುಚಿ ವಿಷಯಕ್ಕೆ ಬಂದರೆ ಮಾತ್ರ ನನ್ನ ಓಟು ನಾಟಿಗೇ. ನಾಟಿ ಟೊಮೆಟೊ ಹೆಚ್ಚಿದರೆ ಮಣೆ ತುಂಬಾ ರಸ ಹರಿಯುತ್ತದೆ, ಸಾರಿಗೆ ಹುಣಸೆಹಣ್ಣೇ ಬೇಡ ಅನ್ನುವಷ್ಟು ಹುಳಿ ಇರುತ್ತದೆ. ರಕ್ಷಕ್‌ನಲ್ಲಿ ತಿರುಳು ಜಾಸ್ತಿ, ಹುಳಿ ಕಡಿಮೆ. ಟೊಮೆಟೊ ಬಾತು, ಚಟ್ನಿ, ಗೊಜ್ಜಿಗೆ ಚೆನ್ನಾಗಿದೆ. ಸಾರಿಗೆ ಸಪ್ಪೆ. ಅದಕ್ಕೇ ಒಂದೆರಡು ಕುಂಡ ನಾಟಿಗೆ ಬಿಡಿ, ಮಳೆಗಾಲ ಕಳೆದ ಮೇಲೆ ಸಸಿ ನೆಟ್ಟರೆ ಚಳಿಗಾಲದಲ್ಲಿ ಹಣ್ಣು ಸಿಗುತ್ತದೆ, ನೊಣದ ಕಾಟವೂ ಅಷ್ಟಿರುವುದಿಲ್ಲ.

ಇನ್ನೊಂದು ವಿಷಯ. ರೋಗ ತಡೆಯುವ ತಳಿ ಅಂದ ಮಾತ್ರಕ್ಕೆ ಎಲ್ಲವನ್ನೂ ತಡೆಯುವುದಿಲ್ಲ. ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗುತ್ತದಲ್ವಾ, ಅದು ರೋಗವೇ ಅಲ್ಲ. ಒಂದು ದಿನ ನೀರು ಸುರಿದು ಮೂರು ದಿನ ಒಣಗಿಸಿದರೆ ಕಾಯಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ, ತಳ ಕೊಳೆಯುತ್ತದೆ. ಚಿಕ್ಕ ಕುಂಡ ಬೇಗ ಒಣಗುತ್ತದೆ. ಹದಿನೈದಿಪ್ಪತ್ತು ಲೀಟರಿನದು ಇಡಿ, ಮೇಲೆ ಒಣ ಎಲೆ ಹೊದಿಸಿ, ಕೋಲು ಕಟ್ಟಿ. ಗೊಂಚಲು ಭಾರ ಇರುತ್ತದೆ.

ಹಣ್ಣಿನ ಬೀಜ ಎತ್ತಿಡಬೇಡಿ. ಹೈಬ್ರಿಡ್ ಅಲ್ವಾ, ಮುಂದಿನ ಗಿಡ ಇದೇ ಥರ ಬರುವುದಿಲ್ಲ, ಪ್ರತಿ ಸಲ ಹೊಸ ಪೊಟ್ಟಣ ಕೊಳ್ಳಬೇಕು. ಸ್ವಂತ ಬೀಜವೇ ಬೇಕು ಅನ್ನುವವರು ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹಾಕಬಹುದು, ಅದು ಹೈಬ್ರಿಡ್ ಅಲ್ಲ. ಮಳೆಗಾಲಕ್ಕೆ ಅಂತ ನಾನು ಈಗ ಅರ್ಕಾ ಅಭೇದ್ ಸಸಿ ಮಾಡಿದ್ದೇನೆ. ರಕ್ಷಕ್ ತಡೆಯುವ ಮೂರರ ಜೊತೆಗೆ ತಡವಾಗಿ ಬರುವ ಅಂಗಮಾರಿಯನ್ನೂ ಅದು ತಡೆಯುತ್ತದೆ.